ವಿಮಾನದಲ್ಲಿ ಸೂಜಿ, ದಾರ, ಹೆಣಿಗೆ ಕಡ್ಡಿ: ಯಾವುದು ಕೈಚೀಲಕ್ಕೆ, ಯಾವುದು ಲಗೇಜಿಗೆ?

ಮಧ್ಯರಾತ್ರಿ ಹೆಣಿಗೆ:
ಎಲ್ಲರಿಗೂ ನಮಸ್ಕಾರ. ಇನ್ನು ಹತ್ತು ದಿನಕ್ಕೆ ನನ್ನ ಮೊದಲ ದೂರದ ವಿಮಾನ ಪ್ರಯಾಣ. ಎರಡು ವಿಮಾನ, ನಡುವೆ ಐದು ಗಂಟೆ ಕಾಯುವುದು. ಎಲ್ಲ ಸೇರಿದರೆ ಇಪ್ಪತ್ತು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಸುಮ್ನೆ ಕೂರುವುದು ನನ್ನ ಕೈಲಾಗದು.

ಕೈಯಲ್ಲಿ ಎರಡು ಕೆಲಸ ಇವೆ. ಒಂದು, ಅಕ್ಕನಿಗೆಂದು ಹೆಣೆಯುತ್ತಿರುವ ಲೇಸ್ ಶಾಲು. ಮುಕ್ಕಾಲು ಮುಗಿದಿದೆ. ಉದ್ದನೆಯ ಸ್ಟೀಲ್ ಕಡ್ಡಿಯ ಮೇಲೆ ಈಗ 211 ಕುಣಿಕೆಗಳಿವೆ. ಇನ್ನೊಂದು, 14 ಕೌಂಟ್ ಐಡಾ ಬಟ್ಟೆ (ಇಂಚಿಗೆ 14 ಚೌಕ ಬರುವ ನೇಯ್ಗೆ) ಮೇಲೆ ಕ್ರಾಸ್ ಸ್ಟಿಚ್, ಅಂದರೆ ಗುಣಾಕಾರದ ಹೊಲಿಗೆಯ ಹಕ್ಕಿ. ಇದಕ್ಕೆ ಅಜ್ಜಿಯ ಪುಟ್ಟ ಕತ್ತರಿ ಬಳಸುತ್ತೇನೆ.

ತಪಾಸಣೆಯಲ್ಲಿ ಕಡ್ಡಿ ಬಿಡುತ್ತಾರಾ? ಕತ್ತರಿ? ನಿಜವಾಗಿ ನಿದ್ದೆ ಕೆಡಿಸಿರುವುದು ಒಂದೇ ಯೋಚನೆ. ಅವರು ಕಡ್ಡಿ ಎಳೆದುಕೊಂಡರೆ 211 ಕುಣಿಕೆಗಳ ಗತಿ ಏನು?

ಕಿಟಕಿ ಸೀಟು:
ಮೊದಲು ನಿಯಮ ಹೇಳಿಬಿಡುತ್ತೇನೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹೊಲಿಗೆ ಸೂಜಿ, ಹೆಣಿಗೆ ಕಡ್ಡಿ, ಕ್ರೋಶಾ ಕೊಕ್ಕೆ ಮೂರಕ್ಕೂ ಕೈಚೀಲದಲ್ಲಿ ಅನುಮತಿ ಇದೆ. ಕತ್ತರಿಯ ಅಲಗು ತಿರುಗಣಿಯಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆ ಇರಬೇಕು. ಯುರೋಪಿನ ಒಕ್ಕೂಟ, ಬ್ರಿಟನ್, ಕೆನಡಾಗಳಲ್ಲಿ ಈ ಮಿತಿ 6 ಸೆಂಟಿಮೀಟರ್. ಎರಡರ ನಡುವೆ ನಾಲ್ಕು ಸೆಂಟಿಮೀಟರಿನಷ್ಟು ವ್ಯತ್ಯಾಸ ಇದೆ, ನೋಡಿ. ಹೋಗುವಾಗ ಪಾಸಾದ ಕತ್ತರಿ ಬರುವಾಗ ಸಿಕ್ಕಿಬೀಳುವುದು ಇಲ್ಲೇ.

ಇವು ಎಲ್ಲ ದೇಶಕ್ಕೂ ಅನ್ವಯಿಸುವುದಿಲ್ಲ. ನಿಮ್ಮದು ಎರಡು ವಿಮಾನದ ಪ್ರಯಾಣ. ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಆಗುವ ಸಾಧ್ಯತೆ ಜಾಸ್ತಿ. ಆದ್ದರಿಂದ ಹೊರಡುವ ಊರು, ನಡುವಿನ ಊರು, ವಾಪಸ್ ಹೊರಡುವ ಊರು, ಮೂರರ ಪಟ್ಟಿಯನ್ನೂ ನೋಡಿ. ವಿಮಾನ ಕಂಪನಿಯ ಪಟ್ಟಿಯನ್ನೂ ನೋಡಿ. ಇವೆಲ್ಲದರಲ್ಲಿ ಯಾವುದು ಅತಿ ಬಿಗಿಯೋ ಅದಕ್ಕೆ ತಕ್ಕ ಹಾಗೆ ಚೀಲ ಕಟ್ಟಿ.

ಇಷ್ಟೆಲ್ಲ ಆದ ಮೇಲೂ ಕೊನೆಯ ಮಾತು ಎದುರಿಗೆ ನಿಂತ ಅಧಿಕಾರಿಯದ್ದು. ಪಟ್ಟಿಯಲ್ಲಿ ಇದ್ದರೂ ಅವರು ಬೇಡ ಎನ್ನಬಹುದು. ಹಾಗಾಗಿ ಅಜ್ಜಿಯ ಕತ್ತರಿ ಮನೆಯಲ್ಲೇ ಇರಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಗಂಟು ಬಿಡಿಸುವವಳು:
211 ಕುಣಿಕೆಗಳ ಚಿಂತೆ ಓದಿ ನನ್ನ ಹೊಟ್ಟೆಯೂ ಹಿಂಡಿತು. ಇದಕ್ಕೆ ಪಕ್ಕಾ ಉಪಾಯ ಇದೆ. ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಉದ್ದನೆಯ ನೇರ ಕಡ್ಡಿಯಿಂದ ಶಾಲನ್ನು ಇಳಿಸಿ. ಅದನ್ನು ಹಿಡಿದು ಹೆಣೆದರೆ ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ಕೈ ಜಾರಿದರೆ ಕಡ್ಡಿ ಮೂರು ಸೀಟಿನ ಸಾಲು ಹಿಂದಕ್ಕೆ ಉರುಳುತ್ತದೆ. ಸರ್ಕ್ಯುಲರ್ ಕಡ್ಡಿಗೆ, ಅಂದರೆ ಎರಡು ಗಿಡ್ಡ ಕಡ್ಡಿಗಳ ನಡುವೆ ಬಗ್ಗುವ ಕೇಬಲ್ ಇರುವುದಕ್ಕೆ ಹಾಕಿಕೊಳ್ಳಿ. ತುದಿ ಬಿಚ್ಚಿ ಜೋಡಿಸುವ ಬಗೆಯದಾದರೆ ಇನ್ನೂ ಒಳ್ಳೆಯದು. ತಪಾಸಣೆಗೆ ನಿಲ್ಲುವ ಮುಂಚೆ ಎರಡೂ ತುದಿ ಬಿಚ್ಚಿ, ಕೇಬಲಿನ ಎರಡು ಕೊನೆಗೆ ಬಿರಡೆ ತಿರುಗಿಸಿ. ಶಾಲು ಕೇಬಲಿನ ಮೇಲೆ ಕೂತಿರುತ್ತದೆ. ಕಡ್ಡಿಯ ತುದಿಗಳು ಬೇರೆ ಡಬ್ಬಿಯಲ್ಲಿರುತ್ತವೆ. ಅವರು ತುದಿ ತೆಗೆದುಕೊಂಡರೂ ಹೋಗುವುದು ಎರಡು ಕಡ್ಡಿ ಮಾತ್ರ. ಒಂದು ಕುಣಿಕೆಯೂ ಜಾರುವುದಿಲ್ಲ.

ಎರಡನೆಯದು ಜೀವದಾರ, ಅಂದರೆ ಕಡ್ಡಿ ಹೋದರೂ ಕುಣಿಕೆಗಳನ್ನು ಹಿಡಿದು ನಿಲ್ಲಿಸುವ ದಾರ. ಲೇಸ್ ಹೆಣೆಯುವವರು ಇದನ್ನು ಮನೆಯಲ್ಲೂ ಹಾಕಬೇಕು. ಶಾಲಿನ ಬಣ್ಣಕ್ಕಿಂತ ಎದ್ದು ಕಾಣುವ, ನುಣುಪಾದ, ತೆಳ್ಳಗಿನ ಹತ್ತಿ ದಾರ ತೆಗೆದುಕೊಳ್ಳಿ. ಮೊಂಡು ಸೂಜಿಗೆ ಪೋಣಿಸಿ. ಕಡ್ಡಿಯ ಮೇಲಿರುವ ಪ್ರತಿ ಕುಣಿಕೆಯ ಒಳಗಿಂದ ಹಾಯಿಸಿ. ಗುರುತಿಗೆಂದು ಕಡ್ಡಿಯ ಮೇಲೆ ಹಾಕಿದ ರಿಂಗುಗಳ ಒಳಗೆ ಹಾಯಿಸಬೇಡಿ. ಹಾಯಿಸಿದರೆ ರಿಂಗು ಆ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದೆ ಜರುಗುವುದಿಲ್ಲ. ವಿನ್ಯಾಸ ಇಲ್ಲದ ಬರೀ ಉಲ್ಟಾ ಸಾಲು ಮುಗಿದಾಗ ಹಾಯಿಸಿದರೆ ಕುಣಿಕೆ ಎಣಿಸುವುದು, ಮತ್ತೆ ಕಡ್ಡಿಗೆ ಏರಿಸುವುದು ಎರಡೂ ಸುಲಭ. ಎರಡು ತುದಿಯಲ್ಲೂ ಒಂದೊಂದು ಗೇಣು ಬಿಡಿ.

ಇಷ್ಟು ಮಾಡಿದರೆ ಕೇಬಲ್ ಸಮೇತ ಕಿತ್ತುಕೊಂಡರೂ ಶಾಲು ಆ ಸಾಲಿನಲ್ಲಿ ನಿಲ್ಲುತ್ತದೆ. ಒಂದು ಸಲ ನನ್ನ ಪಕ್ಕದ ಸಾಲಿನಲ್ಲಿದ್ದ ಹೆಂಗಸಿನ ಸ್ವೆಟರಿನಿಂದ ಕಡ್ಡಿ ಎಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಕೆ ಜೀವದಾರ ಹಾಕಿರಲಿಲ್ಲ. ಎರಡೂ ಕೈಯಲ್ಲಿ ಕುಣಿಕೆಗಳನ್ನು ಹಿಡಿದುಕೊಂಡೇ ಗೇಟಿನವರೆಗೆ ನಡೆದರು. ಆ ಮುಖ ಇನ್ನೂ ಮರೆತಿಲ್ಲ.

ಒಂದೇ ಕೊಕ್ಕೆ:
ನಾನಾದರೆ ಶಾಲನ್ನು ಒಯ್ಯುವುದೇ ಇಲ್ಲ. ಕ್ರೋಶಾ ಒಯ್ಯುತ್ತೇನೆ. ಕ್ರೋಶಾದಲ್ಲಿ ಯಾವ ಹೊತ್ತಿಗೂ ಬಿಚ್ಚಿಕೊಳ್ಳುವ ಹಾಗೆ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಹಾಕಿದರೆ ಮುಗಿಯಿತು. ಕೊಕ್ಕೆ ಮೊಂಡು, ಗಿಡ್ಡ. ನೆಲಕ್ಕೆ ಬಿದ್ದರೆ ಕಾಲಲ್ಲೇ ಹುಡುಕಿ ಎಳೆದುಕೊಳ್ಳಬಹುದು. ಪುಟ್ಟ ಪುಟ್ಟ ಚೌಕಗಳನ್ನು ಮಾಡುತ್ತಾ ಹೋಗಿ. ಊರು ತಲುಪಿದ ಮೇಲೆ ಜೋಡಿಸಿ. ಒಂದು ಚೌಕ ಕೆಟ್ಟರೆ ಒಂದೇ ಚೌಕ ಬಿಚ್ಚಿದರಾಯಿತು.

ಗಂಟು ಬಿಡಿಸುವವಳು:
@ಒಂದೇ ಕೊಕ್ಕೆ, ಒಪ್ಪುತ್ತೇನೆ. ಆದರೆ ಅವರ ಅಕ್ಕ ಕಾಯುತ್ತಿರುವುದು ಶಾಲಿಗಾಗಿ, ಅಲ್ವಾ? ಎರಡನ್ನೂ ಒಯ್ಯಲಿ. ಕ್ರೋಶಾ ಕೊಕ್ಕೆಯಿಂದ ಶಾಲಿಗೂ ಉಪಕಾರ ಇದೆ. ಜಾರಿದ ಕುಣಿಕೆ ಹಿಡಿದು ಮೇಲೆತ್ತಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಹದಿನಾಲ್ಕರ ಚೌಕ:
ಕ್ರಾಸ್ ಸ್ಟಿಚ್ ಬಗ್ಗೆ ನಾನು ಹೇಳುತ್ತೇನೆ. ಹಾರಾಟದಲ್ಲಿ ಸೂಜಿ ಹಿಡಿಯಲು ಶುರು ಮಾಡಿ ಹನ್ನೆರಡು ವರ್ಷವಾಯಿತು.

ಕತ್ತರಿ ಇಲ್ಲದೆ ಕೆಲಸ ಮಾಡುವುದು ಹೇಗೆ ಎಂದು ಮೊದಲು ಕಲಿಯಿರಿ. ದಾರವನ್ನು ಮನೆಯಲ್ಲೇ ಕತ್ತರಿಸಿಕೊಳ್ಳಿ. ಡಿಎಂಸಿ ಕಂಪನಿಯ ಕಸೂತಿ ದಾರದ ಒಂದು ಲಡಿ 8 ಮೀಟರ್ ಇರುತ್ತದೆ, ಆರು ಎಳೆ. 14 ಕೌಂಟಿಗೆ ನಮಗೆ ಬೇಕಾದದ್ದು ಎರಡು ಎಳೆ. ನಾನು ಒಂದೇ ಎಳೆಯನ್ನು 90 ಸೆಂಟಿಮೀಟರಿಗೆ ಕತ್ತರಿಸಿ, ನಡುವೆ ಮಡಚಿ, ಎರಡು ತುದಿಯನ್ನೂ ಸೂಜಿಯ ಕಣ್ಣಿಗೆ ಪೋಣಿಸುತ್ತೇನೆ. ಇನ್ನೊಂದು ಕೊನೆಯಲ್ಲಿ ಮಡಿಕೆಯ ಕುಣಿಕೆ ಉಳಿಯುತ್ತದೆ. ಮೊದಲ ಹೊಲಿಗೆ ಹಾಕಿ ಸೂಜಿಯನ್ನು ಹಿಂದೆ ಆ ಕುಣಿಕೆಯೊಳಗೆ ತೂರಿಸಿದರೆ ಆಯಿತು. ಗಂಟು ಬೇಡ, ಶುರುವಿನಲ್ಲಿ ಬಾಲ ಕತ್ತರಿಸುವ ಕೆಲಸವೂ ಇಲ್ಲ. ಕೊನೆಯ ಬಾಲ ಮಾತ್ರ ಉಳಿಯುತ್ತದೆ. ಅದನ್ನು ಹಿಂಬದಿಯ ಹೊಲಿಗೆಗಳ ಅಡಿಗೆ ನುಗ್ಗಿಸಿ ಹಾಗೇ ಬಿಡಿ. ಊರು ತಲುಪಿ ಎಲ್ಲ ಬಾಲ ಒಟ್ಟಿಗೆ ಕತ್ತರಿಸಿ.

ಐದು ಸೂಜಿಗೆ ಐದು ಬಣ್ಣ ಮೊದಲೇ ಪೋಣಿಸಿಟ್ಟುಕೊಂಡರೆ ಮಂದ ಬೆಳಕಿನಲ್ಲಿ ಸೂಜಿಯ ಕಣ್ಣು ಹುಡುಕುವ ಪಾಡು ತಪ್ಪುತ್ತದೆ. 14 ಕೌಂಟಿಗೆ 24ನೇ ನಂಬರಿನ ಟ್ಯಾಪೆಸ್ಟ್ರಿ ಸೂಜಿ ಸಾಕು. ಅದರ ಮೊನೆ ಮೊಂಡು, ಹಾಗಾಗಿ ತಪಾಸಣೆಯವರಿಗೂ ತಕರಾರು ಕಡಿಮೆ.

ಇನ್ನೊಂದು ಎಚ್ಚರ. ಕುತ್ತಿಗೆಗೆ ಹಾಕುವ ದುಂಡಗಿನ ದಾರ ಕತ್ತರಿಸುವ ಪದಕ ಇರುತ್ತದಲ್ಲ, ಅದನ್ನು ವಿಮಾನಕ್ಕೆ ಒಳ್ಳೆಯದೆಂದು ಹಲವರು ಕೊಳ್ಳುತ್ತಾರೆ. ಅದರೊಳಗೆ ಅಲಗು ಅಡಗಿದೆ. ಅಮೆರಿಕದ ನಿಯಮದಲ್ಲಿ ಸಣ್ಣ ಕತ್ತರಿಗೆ ಅನುಮತಿ ಇದೆ, ಈ ಪದಕಕ್ಕೆ ಇಲ್ಲ. ಅದರ ಬದಲು ಹಲ್ಲಿನ ಫ್ಲಾಸ್ ಡಬ್ಬಿ ಒಯ್ಯಿರಿ. ಮುಚ್ಚಳದ ಕೆಳಗಿನ ಪುಟ್ಟ ಲೋಹದ ಹಲ್ಲು ಹತ್ತಿ ದಾರವನ್ನು ಚೆನ್ನಾಗಿ ತುಂಡರಿಸುತ್ತದೆ. ಉಗುರು ಕತ್ತರಿಸುವ ಕ್ಲಿಪ್ಪರೂ ಆಗುತ್ತದೆ, ದಾರದ ತುದಿ ಸ್ವಲ್ಪ ಜಜ್ಜಿದ ಹಾಗಾಗುತ್ತದೆ ಅಷ್ಟೆ.

ಸೂಜಿಮೊನೆ:
2001ರ ಸೆಪ್ಟೆಂಬರ್ ದಾಳಿಯ ನಂತರದ ವರ್ಷಗಳು ನೆನಪಾದವು. ಆಗ ಚಿಕ್ಕ ಕತ್ತರಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ 4 ಇಂಚಿನ ಒಳಗಿನ ಕತ್ತರಿಗೆ ಮತ್ತೆ ಅನುಮತಿ ಸಿಕ್ಕಿದ್ದು 2005ರ ಡಿಸೆಂಬರಿನಲ್ಲಿ. ಹಳೆಯ ಅನುಭವ ಇಟ್ಟುಕೊಂಡು ಹೆದರುವವರು ಇನ್ನೂ ಇದ್ದಾರೆ. ಹಳೆಯ ಅನುಭವ ನಂಬಿ ಧೈರ್ಯವಾಗಿ ಹೋಗಿ ಕತ್ತರಿ ಕಳೆದುಕೊಂಡವರೂ ಇದ್ದಾರೆ. ಹೊರಡುವ ವಾರದಲ್ಲಿ ಪಟ್ಟಿ ನೋಡಿ, ಹಿಂದಿನ ವರ್ಷ ನೋಡಿದ್ದು ಲೆಕ್ಕಕ್ಕಿಲ್ಲ.

ಮಧ್ಯರಾತ್ರಿ ಹೆಣಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜೀವದಾರ ಇಂದೇ ಹಾಕುತ್ತೇನೆ. ಒಂದು ಅನುಮಾನ. ಸ್ಟೀಲಿನ ಬದಲು ಬಿದಿರಿನ ಕಡ್ಡಿ ಒಯ್ದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ಯಾರೋ ಹೇಳಿದರು. ನಿಜಾನಾ? ಇನ್ನು, ಇದನ್ನೆಲ್ಲ ಚೆಕ್-ಇನ್ ಲಗೇಜಿಗೆ ಹಾಕಿಬಿಟ್ಟರೆ ತಲೆನೋವೇ ಇಲ್ಲ ಅನ್ನಿಸುತ್ತಿದೆ.

ಕಿಟಕಿ ಸೀಟು:
ಬಿದಿರೂ ಕಾಣುತ್ತದೆ. ಆ ಯಂತ್ರದ ಪರದೆಯಲ್ಲಿ ಬಟ್ಟೆ, ಮರ, ನೂಲಿನಂಥ ವಸ್ತು ಕಿತ್ತಳೆ ಬಣ್ಣಕ್ಕೆ ತೋರುತ್ತದೆ, ಲೋಹ ನೀಲಿಗೆ. ಬಚ್ಚಿಡುವ ಯೋಚನೆಯೇ ಬೇಡ. ಚೆನ್ನಾಗಿ ಕಾಣುವ ಹಾಗೆ ಇಡುವುದೇ ಜಾಣತನ. ಕೊಕ್ಕೆ, ಸೂಜಿ, ಸ್ಟೀಲ್ ಕಡ್ಡಿ, ಚಾರ್ಜರು, ಚಿಲ್ಲರೆ ಎಲ್ಲ ಒಂದೇ ಜೇಬಿನಲ್ಲಿ ತುರುಕಿದರೆ ಪರದೆ ಮೇಲೆ ಒಂದು ಕಡುನೀಲಿ ಗುಡ್ಡೆ ಕಾಣುತ್ತದೆ. ಅದೇನೆಂದು ತಿಳಿಯದೆ ಚೀಲ ತೆರೆಸುತ್ತಾರೆ. ಸಾಮಾನನ್ನು ಪಾರದರ್ಶಕ ಪೌಚಿನಲ್ಲಿ ಹರಡಿ, ಚೀಲದ ಮೇಲ್ಗಡೆ ಇಡಿ. ಕೇಳಿದರೆ ತಕ್ಷಣ ತೆಗೆದು ತೋರಿಸಬಹುದು. ಅರ್ಧ ಹೆಣೆದ ಶಾಲು ಜೊತೆಗಿದ್ದರೆ ಕಡ್ಡಿ ಯಾಕೆಂದು ಹೇಳುವುದೇ ಬೇಡ.

ಬಿದಿರಿಗೆ ಬೇರೆ ಒಳ್ಳೆಯ ಗುಣ ಇದೆ. ಹಗುರ, ಶಬ್ದ ಇಲ್ಲ, ಕುಣಿಕೆ ಬೇಗ ಜಾರುವುದಿಲ್ಲ. ಲೇಸಿಗೆ ಇದು ದೊಡ್ಡ ವಿಷಯ.

ಗಂಟು ಬಿಡಿಸುವವಳು:
ಎಲ್ಲವನ್ನೂ ಲಗೇಜಿಗೆ ಹಾಕಬೇಡಿ ದಯವಿಟ್ಟು. ಒಮ್ಮೆ ನನ್ನ ಪೆಟ್ಟಿಗೆ ಎಲ್ಲೋ ತಪ್ಪಿಸಿಕೊಂಡು ನಾಲ್ಕು ದಿನದ ಮೇಲೆ ಬಂತು. ಒಳಗೆ ಎಂಟು ತಿಂಗಳ ಕೆಲಸ ಇತ್ತು. ಆ ನಾಲ್ಕು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಕತ್ತರಿ ಹೋದರೆ ಇನ್ನೊಂದು ಕೊಳ್ಳಬಹುದು. ಕೈಯಾರೆ ಮಾಡಿದ ಕೆಲಸ ಅಂಗಡಿಯಲ್ಲಿ ಸಿಗುತ್ತದಾ? ಆದ್ದರಿಂದ ಕೆಲಸ ಯಾವಾಗಲೂ ನನ್ನ ಜೊತೆ. ಕತ್ತರಿ, ರೋಟರಿ ಕಟರ್ (ಬಟ್ಟೆ ಕತ್ತರಿಸುವ ಚಕ್ರದ ಅಲಗು), ಹೊಲಿಗೆ ಬಿಚ್ಚುವ ಸಾಧನ, ಹೆಚ್ಚುವರಿ ಕಡ್ಡಿ ಎಲ್ಲ ವಿಮಾನದ ಹೊಟ್ಟೆಗೆ. ಅಲಗು, ಮೊನೆಗಳಿಗೆ ಹೊದಿಕೆ ಹಾಕಿ. ಪೆಟ್ಟಿಗೆ ತೆರೆದು ನೋಡುವವರ ಕೈಗೆ ಚುಚ್ಚಬಾರದು.

ಹದಿನಾಲ್ಕರ ಚೌಕ:
ಹೌದು. ಇನ್ನೆರಡು ಸಣ್ಣ ವಿಷಯ. ಬಟ್ಟೆಗೆ ಹೊಡೆಯುವ ಅಂಟಿನ ಸ್ಪ್ರೇ ಹೊತ್ತಿಕೊಳ್ಳುವಂಥದ್ದು. ಅದನ್ನು ಎಲ್ಲಿಯೂ ಹಾಕಬೇಡಿ, ಮನೆಯಲ್ಲಿ ಬಿಡಿ. ಬಟ್ಟೆ ಅಂಟು, ಕೈಗೆ ಹಚ್ಚುವ ಕ್ರೀಮು ದ್ರವದ ಲೆಕ್ಕಕ್ಕೆ ಬರುತ್ತವೆ. 2006ರಿಂದ ಬಂದ 100 ಮಿಲಿಲೀಟರ್ ಮಿತಿ ಬಹಳ ಕಡೆ ಇನ್ನೂ ಇದೆ.

ಹೊಲಿಯುವಾಗ ಬೆಳಕಿಗೆಂದು ಕುತ್ತಿಗೆಗೆ ಹಾಕುವ ಬ್ಯಾಟರಿ ದೀಪ ಒಯ್ಯುವವರಿಗೆ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ.

ಎಡಗೈ ಸೂಜಿ:
ಸೀಟಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ದಾರ ಎಳೆಯುವ ಕೈ ಕಿಟಕಿಯ ಕಡೆ ಇರಬೇಕು. ಬಲಗೈಯವರು ಬಲಬದಿಯ ಕಿಟಕಿ ಸೀಟು ಹಿಡಿಯಿರಿ. ನನ್ನಂಥ ಎಡಗೈಯವರಿಗೆ ಎಡಬದಿಯ ಕಿಟಕಿ. ಅಂದರೆ ‘ಎ’ ಸೀಟು. ಮೊಣಕೈ ಬೀಸಲು ಜಾಗ ಸಿಗುತ್ತದೆ, ಪಕ್ಕದವರಿಗೂ ತೊಂದರೆ ಇಲ್ಲ. ನಡುವಿನ ಸೀಟೇ ಸಿಕ್ಕರೆ ದಾರ ಗಿಡ್ಡ ಮಾಡಿಕೊಳ್ಳಿ. 30 ಸೆಂಟಿಮೀಟರ್ ಸಾಕು. ದಾರವನ್ನು ಪಕ್ಕಕ್ಕೆ ಎಳೆಯದೆ ಎದೆಯ ಮುಂದೆ ಮೇಲಕ್ಕೆ ಎಳೆಯಿರಿ.

ಒಂದು ಮನವಿ ಇದೆ. ಒಯ್ದ ಸೂಜಿಗಳನ್ನು ಎಣಿಸಿ. ಇಳಿಯುವ ಮುಂಚೆ ಮತ್ತೆ ಎಣಿಸಿ. ಸೀಟಿನ ಸಂದಿಯಲ್ಲಿ ಉಳಿದ ಸೂಜಿ ಮುಂದೆ ಅಲ್ಲಿ ಕೂರುವ ಮಗುವಿಗೆ ಚುಚ್ಚಬಹುದು. ನಮ್ಮ ಹವ್ಯಾಸಕ್ಕೆ ಕೆಟ್ಟ ಹೆಸರು ಬರುವುದು ಇಂಥದ್ದರಿಂದಲೇ. ಪುಟ್ಟ ಅಯಸ್ಕಾಂತವನ್ನು ಬಟ್ಟೆಗೆ ಸಿಕ್ಕಿಸಿಕೊಂಡರೆ ಸೂಜಿ ಅಲ್ಲೇ ಅಂಟಿಕೊಂಡಿರುತ್ತದೆ. ಬಿದ್ದ ಸೂಜಿ ಹುಡುಕಲೂ ಅದೇ. ವಿಮಾನ ಏರುವಾಗ, ಇಳಿಯುವಾಗ, ಕುಲುಕಾಡುವಾಗ ಎಲ್ಲವನ್ನೂ ಪೌಚಿಗೆ ಹಾಕಿ ಮುಚ್ಚಿ.

ಸೂಜಿಮೊನೆ:
ಯಾವ ಭಾಗ ಹೊಲಿಯಬೇಕು ಎಂಬುದೂ ಮುಖ್ಯ. ಆರನೇ ಗಂಟೆಗೆ ತಲೆ ಓಡುವುದಿಲ್ಲ. ಒಮ್ಮೆ ಬಣ್ಣ ಬದಲಾಗುತ್ತಲೇ ಇರುವ ಮುಖದ ಭಾಗ ಹಿಡಿದು ಕೂತೆ. ಒಂದು ಚೌಕ ಪಕ್ಕಕ್ಕೆ ಎಣಿಸಿದ್ದೆ. ಮೂರು ಗಂಟೆಯ ಕೆಲಸ ಬಿಚ್ಚಬೇಕಾಯಿತು, ಅದೂ ಕತ್ತರಿ ಇಲ್ಲದೆ. ಈಗ ಒಂದೇ ಬಣ್ಣದ ಆಕಾಶ, ಎಲೆಯ ಒಡಲು, ಇಂಥದ್ದನ್ನೇ ಪ್ರಯಾಣಕ್ಕೆಂದು ಉಳಿಸುತ್ತೇನೆ. ಹೊರಗೆರೆ ಮನೆಯಲ್ಲೇ ಎಣಿಸಿ ಹಾಕಿಕೊಂಡರೆ ವಿಮಾನದಲ್ಲಿ ಒಳಗೆ ತುಂಬುವುದಷ್ಟೇ. ಕಪ್ಪು ಬಟ್ಟೆ ಬೇಡವೇ ಬೇಡ. ಬೇರೆ ದಾರಿ ಇಲ್ಲವೆಂದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ರಂಧ್ರಗಳು ಕಾಣುತ್ತವೆ.

ವಿಮಾನದೊಳಗೆ ಗಾಳಿ ತುಂಬಾ ಒಣ. ತೇವಾಂಶ ಸಾಮಾನ್ಯವಾಗಿ 20 ಶೇಕಡಕ್ಕಿಂತ ಕಡಿಮೆ. ಬೆರಳ ತುದಿ ಒಡೆದು ರೇಷ್ಮೆ ದಾರ ಸಿಕ್ಕಿಕೊಳ್ಳುತ್ತದೆ. ಕ್ರೀಮು ಹಚ್ಚಿ, ಆದರೆ ಪೂರ್ತಿ ಆರುವವರೆಗೆ ಬಟ್ಟೆ ಮುಟ್ಟಬೇಡಿ. ಎಣ್ಣೆ ಕಲೆ ನನ್ನ ಒಂದು ಚಿತ್ರದಲ್ಲಿ ಇವತ್ತಿಗೂ ಇದೆ.

ಒಂದೇ ಕೊಕ್ಕೆ:
ಹೆಣಿಗೆ, ಹೊಲಿಗೆಯ ವಿನ್ಯಾಸದ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡಿದ್ದೀರಾ? ಮೇಲೆ ನೆಟ್ ಇಲ್ಲದಿದ್ದರೆ ತೆರೆಯುವುದಿಲ್ಲ. ಒಂದು ಕಾಗದದ ಪ್ರತಿಯೂ ಇರಲಿ. ಉಲ್ಲನ್ ಉಂಡೆ ಒಳಗಿಂದ ಎಳೆ ಬರುವಂತೆ ಸುತ್ತಿಕೊಳ್ಳಿ. ಹೊರಗಿಂದ ಬಿಚ್ಚುವ ಉಂಡೆ ಒಮ್ಮೆ ನೆಲಕ್ಕೆ ಬಿದ್ದರೆ ನಾಲ್ಕು ಸಾಲು ಮುಂದೆ ಹೋಗಿ ನಿಲ್ಲುತ್ತದೆ.

ಮಧ್ಯರಾತ್ರಿ ಹೆಣಿಗೆ:
(ಹದಿನೈದು ದಿನದ ಮೇಲೆ)
ಬಂದು ತಲುಪಿದೆ. ನೀವೆಲ್ಲ ಇಷ್ಟು ಹೇಳಿಕೊಟ್ಟಿದ್ದೀರಿ, ಏನಾಯಿತೆಂದು ಪೂರ್ತಿ ಬರೆಯದಿದ್ದರೆ ಸರಿಯಾಗುವುದಿಲ್ಲ.

ಅಜ್ಜಿಯ ಕತ್ತರಿ ಮನೆಯಲ್ಲೇ ಬಿಟ್ಟೆ. ಶಾಲನ್ನು ತುದಿ ಬಿಚ್ಚುವ ಸರ್ಕ್ಯುಲರ್ ಕಡ್ಡಿಗೆ ಇಳಿಸಿದೆ. ಬಿದಿರಿನದು ಆ ಅಳತೆಯಲ್ಲಿ ಸಿಗಲಿಲ್ಲ, ಸ್ಟೀಲೇ ಆಯಿತು. ನೀಲಿ ಹತ್ತಿ ದಾರದಲ್ಲಿ ಜೀವದಾರ ಹಾಯಿಸಿದೆ. 211 ಕುಣಿಕೆಗೆ ಮುಕ್ಕಾಲು ಗಂಟೆ ಹಿಡಿಯಿತು.

ಮೊದಲ ನಿಲ್ದಾಣದಲ್ಲಿ ಯಾರೂ ಏನೂ ಕೇಳಲಿಲ್ಲ. ಮೊದಲ ವಿಮಾನದಲ್ಲಿ ಬಲಬದಿಯ ಕಿಟಕಿ ಸಿಕ್ಕಿತ್ತು. ಶಾಲು ಹತ್ತು ಸಾಲು ಬೆಳೆಯಿತು. ಇಳಿಯುವ ಒಂದು ಗಂಟೆ ಮುಂಚೆ ಇನ್ನೊಂದು ಜೀವದಾರ ಹಾಯಿಸಿ, ತುದಿ ಬಿಚ್ಚಿ, ಬಿರಡೆ ಹಾಕಿದೆ.

ನಡುವಿನ ನಿಲ್ದಾಣದಲ್ಲಿ ಪೌಚ್ ತೆರೆಸಿದರು. ಅಲ್ಲಿನ ಪಟ್ಟಿಯಲ್ಲಿ ಹೆಣಿಗೆ ಕಡ್ಡಿಗೆ ಅನುಮತಿ ಇತ್ತು, ನಾನು ನೋಡಿಯೇ ಹೊರಟಿದ್ದೆ. ಆದರೂ ಅಧಿಕಾರಿ ಎರಡೂ ಸ್ಟೀಲ್ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ, ಬೇಡ ಎಂದರು. ನನ್ನ ಕೈ ನಡುಗಿತು. ವಾದ ಮಾಡಲಿಲ್ಲ. ಶಾಲನ್ನು ಎತ್ತಿ, ಇದನ್ನು ಬಿಡುತ್ತೀರಾ ಎಂದು ಕೇಳಿದೆ. ಅವರು ಕೇಬಲನ್ನು ಬೆರಳಲ್ಲಿ ಬಗ್ಗಿಸಿ ನೋಡಿ ವಾಪಸ್ ಕೊಟ್ಟರು. ಕ್ರೋಶಾ ಕೊಕ್ಕೆ, ಟ್ಯಾಪೆಸ್ಟ್ರಿ ಸೂಜಿ ಮುಟ್ಟಲೇ ಇಲ್ಲ.

ಎರಡನೇ ವಿಮಾನದಲ್ಲಿ ನಡುವಿನ ಸೀಟು. ಗಿಡ್ಡ ದಾರ ಹಿಡಿದು ಹಕ್ಕಿಯ ರೆಕ್ಕೆ ತುಂಬಿದೆ. ಆಮೇಲೆ ಮೂರು ಕ್ರೋಶಾ ಚೌಕ ಮಾಡಿದೆ. ಇಳಿಯುವ ಮುಂಚೆ ಸೂಜಿ ಎಣಿಸಿದರೆ ನಾಲ್ಕೇ ಇದ್ದವು. ಐದನೆಯದು ಹೊದಿಕೆಯ ಮಡಿಕೆಯಲ್ಲಿತ್ತು. ಅಯಸ್ಕಾಂತವನ್ನು ಹೊದಿಕೆಯ ಮೇಲೆ ಆಡಿಸಿದಾಗ ಟಕ್ಕೆಂದು ಅಂಟಿಕೊಂಡಿತು. ಎಡಗೈ ಸೂಜಿಯವರೇ, ಆ ಕ್ಷಣ ನಿಮ್ಮನ್ನೇ ನೆನೆದೆ.

ಗಂಟು ಬಿಡಿಸುವವಳು:
ಓದುತ್ತಾ ಉಸಿರು ಬಿಗಿ ಹಿಡಿದಿದ್ದೆ. ಶಾಲು? ಕುಣಿಕೆ ಎಣಿಸಿದಿರಾ?

ಮಧ್ಯರಾತ್ರಿ ಹೆಣಿಗೆ:
ಅದೇ ಅಳತೆಯ ಬಿದಿರಿನ ಕಡ್ಡಿ ಇಲ್ಲಿ ಸಿಕ್ಕಿತು. ಬೇರೆ ಕಂಪನಿಯದು, ಹಳೆಯ ಕೇಬಲಿಗೆ ತಿರುಪು ಕೂರಲಿಲ್ಲ. ಹೀಗಾಗಿ ಕುಣಿಕೆಗಳನ್ನು ಒಂದೊಂದಾಗಿ ಹೊಸ ಕಡ್ಡಿಗೆ ದಾಟಿಸಬೇಕಾಯಿತು. ಎರಡು ಜಾರಿದವು. ನೀಲಿ ದಾರ ಹಿಡಿದು ನಿಲ್ಲಿಸಿತ್ತು, ಕೊಕ್ಕೆಯಲ್ಲಿ ಎತ್ತಿಕೊಂಡೆ. ಅಕ್ಕ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸಿದಳು. ಸಾಲು ಬೆಳೆದ ಹಾಗೆ ಕುಣಿಕೆಯೂ ಹೆಚ್ಚುವ ವಿನ್ಯಾಸ ಇದು, ಈಗ 231. ಒಂದೂ ಕಡಿಮೆ ಇಲ್ಲ.

ಬರುವ ತಿಂಗಳು ವಾಪಸ್ ಹೊರಡುತ್ತೇನೆ. ಶಾಲು ಅಕ್ಕನ ಹೆಗಲ ಮೇಲೆ ಉಳಿಯುತ್ತದೆ. ನನ್ನ ಚೀಲದಲ್ಲಿ ಹಕ್ಕಿ ಮತ್ತು ಕೊಕ್ಕೆ ಮಾತ್ರ.